ಮಾರಿದ ಸರಕನ್ನು ಮರಳಿ ಕರೆಯುವ ಧರ್ಮ

ಮಾರಾಟವಾಗಿ ಕೈಬಿಟ್ಟುಹೋದ ಸರಕಿನಲ್ಲಿ ದೋಷವಿದೆ ಎಂದು ತಿಳಿದ ಮೇಲೆ, ತಯಾರಕನೇ ಅದನ್ನು ಗೋದಾಮಿನಿಂದ, ಅಂಗಡಿಯಿಂದ, ಕೊನೆಗೆ ಕೊಂಡವರ ಮನೆಯಿಂದಲೂ ವಾಪಸ್ ಕರೆಸಿಕೊಳ್ಳುವುದಕ್ಕೆ ವಾಣಿಜ್ಯದ ಮಾತಿನಲ್ಲಿ ರಿಕಾಲ್ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಲಾರಿ, ರಸೀದಿ, ಲೆಕ್ಕಪುಸ್ತಕಗಳ ಕೆಲಸ. ಅದರ ಬುಡದಲ್ಲಿರುವುದು ಮಾತ್ರ ಧರ್ಮದ ಪ್ರಶ್ನೆ. ಬೆಲೆ ತೆತ್ತು ಕೊಂಡ ಮೇಲೆ ವಸ್ತು ಕೊಂಡವರದು. ಮಾರಿದವರಿಗೆ ಅದರ ಮೇಲೆ ಹಕ್ಕಿಲ್ಲ. ಹಕ್ಕು ಹೋದ ಮೇಲೂ ಹೊಣೆ ಉಳಿಯುತ್ತದೆಯೇ? ಕೆಡುಕು ಮಾಡುವ ಉದ್ದೇಶವೇ ಇಲ್ಲದಿದ್ದಾಗ, ಹೆಸರೂ ಊರೂ ಗೊತ್ತಿಲ್ಲದ ಒಬ್ಬರಿಗೆ ಆದ ಹಾನಿ ಮಾರಿದವರ ಕರ್ಮದ ಲೆಕ್ಕಕ್ಕೆ ಸೇರುತ್ತದೆಯೇ? ಸೇರುವುದಾದರೆ ಆ ಅಪರಿಚಿತರನ್ನು ಹುಡುಕಿಕೊಂಡು ಹೋಗಿ ಎಚ್ಚರಿಸುವುದು ದಯೆಯೋ, ತೀರಿಸಲೇಬೇಕಾದ ಋಣವೋ? ಯಾವ ಸರಕು ಯಾವ ದಿನ ಯಾರಿಗೆ ಹೋಯಿತು ಎಂಬುದನ್ನು ನೆನಪಿಟ್ಟುಕೊಳ್ಳುವ ವ್ಯವಹಾರ ನಿರ್ವಹಣಾ ತಂತ್ರಾಂಶಗಳು ಬಂದ ಮೇಲೆ ಈ ಪ್ರಶ್ನೆಗಳಿಂದ ನುಣುಚಿಕೊಳ್ಳುವ ದಾರಿ ಕಿರಿದಾಗಿದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ದಿನಬೆಳಗಾದರೆ ಎದುರಾಗುವಂಥದ್ದು. ಇಲ್ಲಿ ಬೆಳೆದದ್ದು, ಕರೆದದ್ದು, ತಯಾರಾದದ್ದು ಬಹುಪಾಲು ಇಲ್ಲಿ ಉಳಿಯುವುದಿಲ್ಲ. ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ 15 ಕಿಲೋ ಬಾಕ್ಸ್‌ಗಳಲ್ಲಿ ಹೊರಡುವ ಟೊಮೆಟೊ ಉತ್ತರ ಭಾರತದ ಊರುಗಳವರೆಗೂ ಹೋಗುತ್ತದೆ. ಶ್ರೀನಿವಾಸಪುರದ ತೋತಾಪುರಿ ಮಾವು ತಿರುಳಾಗಿ, ಯಾರೋ ಕುಡಿಯುವ ಪಾನೀಯವಾಗುತ್ತದೆ. ಹಳ್ಳಿಹಳ್ಳಿಯ ಡೇರಿಯ ಹಾಲು ನಂದಿನಿ ಪೊಟ್ಟಣ ಸೇರುತ್ತದೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಹೊಂಡಾ ಕಂಪನಿಯ ಸ್ಕೂಟರುಗಳೂ ಐಫೋನುಗಳೂ ತಯಾರಾಗುತ್ತವೆ. ಮಾಲೂರು ಹೆಂಚು, ಇಟ್ಟಿಗೆಗೆ ಹಿಂದಿನಿಂದಲೂ ಹೆಸರಾದ ಊರು. ಮಾಡುವವರ ಮತ್ತು ಬಳಸುವವರ ನಡುವೆ ಇಷ್ಟು ದೂರವಿರುವಾಗ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಮರುವಾರ ಅದೇ ಗಿರಾಕಿ ಎದುರು ನಿಲ್ಲುತ್ತಾನೆ. ಅವಳ ಪ್ರಾಮಾಣಿಕತೆಗೆ ಆ ಮುಖವೇ ಕಾವಲು. ದೂರದ ವ್ಯಾಪಾರದಲ್ಲಿ ಆ ಕಾವಲು ಇಲ್ಲ. ಅದರ ಜಾಗದಲ್ಲಿ ಏನನ್ನು ಇಡಬೇಕು ಎಂಬುದೇ ಇಲ್ಲಿನ ಚರ್ಚೆ.

ತಂತ್ರಾಂಶ ಮಾಡುವ ಕೆಲಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮಾವಿನ ತಿರುಳಿನ ಕಾರ್ಖಾನೆಯೊಂದನ್ನು ತೆಗೆದುಕೊಳ್ಳಬಹುದು. ಬೆಳಿಗ್ಗೆ ಗೇಟಿನಲ್ಲಿ ತೂಕವಾದ ಪ್ರತಿ ಗಾಡಿ ಹಣ್ಣಿಗೂ ಒಂದು ಲಾಟ್ ಸಂಖ್ಯೆ ಬೀಳುತ್ತದೆ: ಯಾವ ತೋಟ, ಯಾವ ದಿನ, ಎಷ್ಟು ತೂಕ. ಹಣ್ಣು ಮಾಗಿ, ತೊಳೆದು, ತಿರುಳಾಗಿ, ಕಾಯಿಸಿ, ಗಾಳಿಯಾಡದ ಚೀಲದಲ್ಲಿ ತುಂಬಿ, 215 ಕಿಲೋ ಹಿಡಿಯುವ ಡ್ರಮ್ಮಿನೊಳಗೆ ಸೇರುವಾಗ ಆ ಡ್ರಮ್ಮಿಗೆ ಬ್ಯಾಚ್ ಸಂಖ್ಯೆ ಬರುತ್ತದೆ. ಯಾವ ಬ್ಯಾಚಿಗೆ ಯಾವ ಯಾವ ಲಾಟ್ ಸೇರಿತು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಕಾಯಿತು, ಪ್ರಯೋಗಾಲಯದ ಫಲಿತಾಂಶವೇನು, ಯಾವ ಬಿಲ್ಲಿನಲ್ಲಿ ಯಾವ ಗಿರಾಕಿಗೆ ಹೋಯಿತು, ಎಲ್ಲವೂ ಒಂದಕ್ಕೊಂದು ಕೊಂಡಿಯಾಗಿ ದಾಖಲಾಗುತ್ತವೆ. ನಾಳೆ ಒಂದು ದೂರು ಬಂದರೆ, ಡ್ರಮ್ಮಿನಿಂದ ಹಿಂದಕ್ಕೆ ತೋಟದವರೆಗೂ, ತೋಟದಿಂದ ಮುಂದಕ್ಕೆ ಅದೇ ಹಣ್ಣು ಸೇರಿದ ಉಳಿದೆಲ್ಲ ಡ್ರಮ್ಮುಗಳವರೆಗೂ ಹೋಗಿ ನೋಡಬಹುದು. ಗೋದಾಮಿನಲ್ಲಿ ಉಳಿದಿರುವುದನ್ನು ಮಾರದಂತೆ ತಡೆಹಿಡಿಯಬಹುದು. ಇದಕ್ಕೆ ಬಹುರಾಷ್ಟ್ರೀಯ ಕಂಪನಿಯೇ ಆಗಬೇಕಿಲ್ಲ. ಬೆಂಗಳೂರಿನಲ್ಲೇ ಬೆಳೆದ, ತಾಲ್ಲೂಕು ಕೇಂದ್ರದ ಸಣ್ಣ ವರ್ತಕರೂ ಬಳಸುವ ಟ್ಯಾಲಿ ತಂತ್ರಾಂಶದಲ್ಲಿ ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನಗಳನ್ನು ನಮೂದಿಸುವ ಸೌಲಭ್ಯ ಹಿಂದಿನಿಂದಲೂ ಇದೆ. ಹೆಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರನ್ನು ಅಚ್ಚೊತ್ತುವ ಪದ್ಧತಿ ಇನ್ನೂ ಹಳೆಯದು. ಮಾಡಿದವರು ಯಾರು ಎಂಬುದನ್ನು ಅಚ್ಚು ಹೇಳುತ್ತದೆ. ಯಾವ ಮನೆಯ ಮಾಡಿನ ಮೇಲೆ ಆ ಹೆಂಚು ಕುಳಿತಿದೆ ಎಂಬುದನ್ನು ಹೇಳಲಾರದು. ತಂತ್ರಾಂಶ ತುಂಬಿಕೊಡುವುದು ಈ ಎರಡನೆಯ ಅರ್ಧವನ್ನು.

ಮಾರಿದ ಮೇಲಿನ ಹೊಣೆಯನ್ನು ಪ್ರಾಚೀನರು ಯೋಚಿಸದೆ ಬಿಟ್ಟಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕೊಟ್ಟುಕೊಂಡದ್ದನ್ನು ಹಿಂತಿರುಗಿಸುವುದಕ್ಕೇ ಮೀಸಲಾದ ಪ್ರಕರಣವಿದೆ. ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ ಎಂದು ಗಡುವನ್ನೂ ಅದು ಗೊತ್ತುಮಾಡಿದೆ. ಮಾರಿದ ಸರಕನ್ನು ಕೊಡದೆ ಇಟ್ಟುಕೊಂಡ ವರ್ತಕನಿಗೆ 12 ಪಣ ದಂಡ. ಆದರೆ ಸರಕಿನಲ್ಲೇ ದೋಷವಿದ್ದು ತಡೆಹಿಡಿದಿದ್ದರೆ ದಂಡವಿಲ್ಲ. ಮನುಸ್ಮೃತಿ ಹಿಂತಿರುಗಿಸಲು ಹತ್ತು ದಿನ ಕೊಡುತ್ತದೆ. ಈ ವಿಧಿಗಳ ಕಾಳಜಿ ಹೆಚ್ಚಾಗಿ ಹಣದ ನಷ್ಟದ್ದು. ಕೊಂಡವನೂ ಮಾರಿದವನೂ ಪರಸ್ಪರ ಗೊತ್ತಿರುವ ಲೋಕದ್ದು. ಗಡುವು ಮುಗಿದ ಮೇಲೆ ವ್ಯವಹಾರ ಗಟ್ಟಿ, ಇಬ್ಬರೂ ನಿಶ್ಚಿಂತರು. ದೋಷ ತಿಂಗಳುಗಳ ನಂತರ ಬಯಲಾಗುವ, ಅದೂ ಕೊಂಡವನಲ್ಲದ ಮೂರನೆಯವರ ಮೈಗೆ ತಾಗುವ ಸಂದರ್ಭಕ್ಕೆ ಉತ್ತರ ಹುಡುಕಲು ವ್ಯವಹಾರಕಾಂಡ ಸಾಲದು. ಅದಕ್ಕೆ ಹಿಂಸೆಯ ವಿಚಾರಕ್ಕೇ ಹೋಗಬೇಕಾಗುತ್ತದೆ.

ಹಿಂಸೆಯ ಕುರಿತು ಬೌದ್ಧರಿಗೂ ಜೈನರಿಗೂ ನಡೆದ ಹಳೆಯ ವಾದ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕರ್ಮ ಎಂದರೆ ಮೂಲತಃ ಸಂಕಲ್ಪ ಎಂಬುದು ಬುದ್ಧನ ನಿಲುವು. ಮಜ್ಝಿಮನಿಕಾಯದ ಉಪಾಲಿ ಸುತ್ತದಲ್ಲಿ, ನಿಗಂಠರ, ಅಂದರೆ ಜೈನರ, ಗೃಹಸ್ಥ ಶಿಷ್ಯನಾದ ಉಪಾಲಿ ದೇಹದಿಂದಾಗುವ ಕೃತ್ಯವೇ ಹೆಚ್ಚು ಭಾರವಾದದ್ದು ಎಂದು ವಾದಿಸಿದರೆ, ಬುದ್ಧ ಮನಸ್ಸಿನ ಕೃತ್ಯವೇ ಭಾರವಾದದ್ದು ಎನ್ನುತ್ತಾನೆ. ಜೈನರ ತತ್ತ್ವಾರ್ಥಸೂತ್ರ ಇನ್ನೊಂದು ದಾರಿ ಹಿಡಿಯುತ್ತದೆ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ ಎಂದು ಅದು ಲಕ್ಷಣ ಹೇಳುತ್ತದೆ. ಕೊಲ್ಲುವ ಇಚ್ಛೆ ಇರಲೇಬೇಕೆಂದಿಲ್ಲ; ಇರಬೇಕಾಗಿದ್ದ ಎಚ್ಚರ ಇರದಿದ್ದರೆ ಸಾಕು. ನಾಲ್ಕನೆಯ ಶತಮಾನದಲ್ಲಿ ಗಂಗರು ರಾಜಧಾನಿ ಮಾಡಿಕೊಂಡಿದ್ದ ಕುವಲಾಲವೇ ಇಂದಿನ ಕೋಲಾರ. ಆ ರಾಜ್ಯದ ಹುಟ್ಟಿಗೆ ಜೈನಮುನಿ ಸಿಂಹನಂದಿಯ ನೆರವಿತ್ತು ಎಂದು ಪರಂಪರೆ ಹೇಳುತ್ತದೆ. ಹಾಗಾಗಿ ಜೈನರ ಈ ವಿಚಾರ ಈ ನೆಲಕ್ಕೆ ಹೊರಗಿನದಲ್ಲ. ಅದೇ ತತ್ತ್ವಾರ್ಥಸೂತ್ರ ಅಚೌರ್ಯ ವ್ರತದ ಅತಿಚಾರಗಳಲ್ಲಿ, ಅಂದರೆ ಲೋಪಗಳಲ್ಲಿ, ಸುಳ್ಳು ಅಳತೆಯ ಜೊತೆಗೆ, ಅಸಲಿನ ಜಾಗದಲ್ಲಿ ನಕಲಿಯನ್ನೋ ಕಲಬೆರಕೆಯನ್ನೋ ಮಾರುವುದನ್ನೂ ಎಣಿಸುತ್ತದೆ.

ಸರಕಿನ ಸುರಕ್ಷತೆಯ ಮಟ್ಟಿಗೆ ಈ ಎರಡು ನಿಲುವುಗಳಲ್ಲಿ ಯಾವುದು ಸರಿ? ದೋಷ ತಿಳಿಯುವ ಮೊದಲಿನ ಹಂತಕ್ಕೆ ಜೈನರ ಲಕ್ಷಣವೇ ಹೆಚ್ಚು ಹೊಂದುತ್ತದೆ. ಪರೀಕ್ಷಿಸಬಹುದಾಗಿದ್ದನ್ನು ಪರೀಕ್ಷಿಸದೆ, ಬರೆದಿಡಬಹುದಾಗಿದ್ದನ್ನು ಬರೆದಿಡದೆ ಮಾರಿದವರು ತಮಗೆ ಗೊತ್ತಿರಲಿಲ್ಲ ಎಂದರೆ ಅದು ಪ್ರಮಾದವನ್ನು ಒಪ್ಪಿಕೊಂಡಂತೆ, ಹೊಣೆಯಿಂದ ಬಿಡುಗಡೆಯಲ್ಲ. ದೋಷ ತಿಳಿದ ಮರುಕ್ಷಣ ಮಾತ್ರ ಎರಡೂ ದರ್ಶನಗಳು ಒಂದಾಗುತ್ತವೆ. ದೂರು ಕಂಪ್ಯೂಟರಿನಲ್ಲಿ ದಾಖಲಾಗಿದೆ, ಅದರ ಬ್ಯಾಚ್ ಗೊತ್ತಾಗಿದೆ, ಆ ಬ್ಯಾಚ್ ಹೋದ ಅಂಗಡಿಗಳ ಪಟ್ಟಿ ಪರದೆಯ ಮೇಲಿದೆ. ಅದಾದ ಮೇಲೂ ಸುಮ್ಮನಿದ್ದರೆ ಆ ಸುಮ್ಮನಿರುವಿಕೆ ಸಂಕಲ್ಪಪೂರ್ವಕವಾದದ್ದು. ಬುದ್ಧನ ಮಾನದಂಡದಲ್ಲೂ ಅದು ಪೂರ್ಣ ಕರ್ಮ. ತಂತ್ರಾಂಶದ ನೈತಿಕ ಮಹತ್ವ ಇರುವುದು ಇಲ್ಲಿ. ಅದು ಅಜ್ಞಾನದ ಅವಧಿಯನ್ನು ಮೊಟಕುಮಾಡಿ, ಪ್ರಮಾದ ಯಾವಾಗ ಸಂಕಲ್ಪವಾಯಿತು ಎಂಬುದಕ್ಕೆ ದಿನಾಂಕ ಹಾಕಿಡುತ್ತದೆ. ದಾಖಲೆ ಇಟ್ಟರೆ ಸಿಕ್ಕಿಬೀಳುತ್ತೇವೆ ಎಂದು ಹೆದರಿ ದಾಖಲೆಯನ್ನೇ ಇಡದವರು ಆ ದಿನಾಂಕದಿಂದ ತಪ್ಪಿಸಿಕೊಳ್ಳಬಹುದು. ಧರ್ಮದ ದೃಷ್ಟಿಯಲ್ಲಿ ಅವರು ಅಜ್ಞಾನವನ್ನೇ ಆರಿಸಿಕೊಂಡವರು. ಆರಿಸಿಕೊಂಡ ಅಜ್ಞಾನಕ್ಕೆ ಯಾವ ದರ್ಶನವೂ ಕ್ಷಮೆ ಕೊಟ್ಟಿಲ್ಲ.

ಮುಂದಿನ ತೊಡಕು ಕರ್ತೃತ್ವದ್ದು. ಒಂದು ಡ್ರಮ್ ತಿರುಳಿನ ಹಿಂದೆ ತೋಟದ ಒಡೆಯ, ಹೂ ಬಿಟ್ಟಾಗಲೇ ತೋಟ ಗುತ್ತಿಗೆ ಹಿಡಿದ ವ್ಯಾಪಾರಿ, ಔಷಧಿ ಹೊಡೆದ ಆಳು, ಮಂಡಿಯವರು, ಕಾರ್ಖಾನೆ, ಸಾಗಣೆದಾರ, ಅಂಗಡಿಯವ ಎಲ್ಲರೂ ಇದ್ದಾರೆ. ಇಷ್ಟು ಕೈಗಳ ನಡುವೆ ಕರ್ತೃ ಯಾರು? ಭಗವದ್ಗೀತೆಯ 18ನೆಯ ಅಧ್ಯಾಯ ಯಾವ ಕರ್ಮಕ್ಕೂ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ತಾನೊಬ್ಬನೇ ಕರ್ತೃ ಎಂದುಕೊಳ್ಳುವವನು ಸರಿಯಾಗಿ ಕಾಣದವನು ಎಂದೂ ಅದು ಸೇರಿಸುತ್ತದೆ. ಈ ಮಾತನ್ನು ತಪ್ಪಿಸಿಕೊಳ್ಳುವ ಗುರಾಣಿ ಮಾಡಿಕೊಳ್ಳುವುದು ಸುಲಭ: ಎಲ್ಲವೂ ದೈವಚಿತ್ತ, ನನ್ನದೇನಿದೆ? ಇದಕ್ಕೆ ಉತ್ತರ ಮುಳಬಾಗಿಲಿನ ವಿದ್ಯಾಪರಂಪರೆಯಲ್ಲೇ ಇದೆ. 15ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಶ್ರೀಪಾದರಾಜರು ಹರಿದಾಸ ಸಾಹಿತ್ಯದ ಹಿರಿಯರಷ್ಟೇ ಅಲ್ಲ. ಜಯತೀರ್ಥರ ನ್ಯಾಯಸುಧೆಗೆ ವಾಗ್ವಜ್ರ ಎಂಬ ವ್ಯಾಖ್ಯಾನ ಬರೆದವರು, ವ್ಯಾಸರಾಜರ ವಿದ್ಯಾಗುರುಗಳು. ಅವರ ದ್ವೈತ ಸಂಪ್ರದಾಯದಲ್ಲಿ ಜೀವನಿಗೆ ಸ್ವತಂತ್ರ ಕರ್ತೃತ್ವವಿಲ್ಲ, ಆದರೂ ಪರಾಧೀನವಾದ ನಿಜವಾದ ಕರ್ತೃತ್ವವಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಯುಕ್ತಿಯೂ ಅದೇ: ಜೀವ ಕರ್ತೃವಲ್ಲದಿದ್ದರೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುವ ಶಾಸ್ತ್ರಕ್ಕೇ ಅರ್ಥವಿಲ್ಲ. ಕರ್ತೃತ್ವವನ್ನು ಅಧ್ಯಾಸ, ಅಂದರೆ ಆರೋಪಿತ ಭ್ರಮೆ, ಎನ್ನುವ ಅದ್ವೈತಿಗಳೂ, ವ್ಯವಹಾರದಲ್ಲಿರುವವರೆಗೆ ಈ ಯುಕ್ತಿಯನ್ನು ಒಪ್ಪುತ್ತಾರೆ. ಹಾಗಾಗಿ ಐದು ಕಾರಣಗಳ ಪಟ್ಟಿ ಹೊಣೆಯನ್ನು ಕರಗಿಸುವುದಿಲ್ಲ, ಹಂಚುತ್ತದೆ. ದೈವದ ಪಾಲು ಮನುಷ್ಯರ ಕೈಗೆ ಸಿಗದು. ಉಳಿದ ನಾಲ್ಕು ಪಾಲುಗಳನ್ನು ವಿಂಗಡಿಸಿ ನೋಡುವುದು ಸಾಧ್ಯ, ಬ್ಯಾಚ್ ದಾಖಲೆ ಮಾಡುವುದು ಅದನ್ನೇ.

ಆಧುನಿಕ ಕಾನೂನು ಇದೇ ವಿಂಗಡಣೆಯನ್ನು ತನ್ನ ಭಾಷೆಯಲ್ಲಿ ಮಾಡಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೆಯ ಕಲಮು ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಮಾರಾಟಗಾರರ ಹೊಣೆಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. 28ನೆಯದು ಆಹಾರವನ್ನು ಹಿಂದಕ್ಕೆ ಕರೆಸಿಕೊಳ್ಳುವ ಕರ್ತವ್ಯವನ್ನು ವಿಧಿಸುತ್ತದೆ. ಅದರ ವಿಧಾನವನ್ನು 2017ರ ನಿಯಮಾವಳಿ ವಿವರಿಸಿದೆ. 27ನೆಯ ಕಲಮಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಯಾರಿಂದ ಬಂದದ್ದು ಎಂದು ಗುರುತಿಸಲಾಗದ ಆಹಾರವನ್ನು ಮಾರುವುದೇ ವ್ಯಾಪಾರಿಯನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಮೂಲ ಹೇಳಲಾಗದಿರುವುದು ಇಲ್ಲಿ ರಕ್ಷಣೆಯಲ್ಲ, ತಪ್ಪು. ಜೈನರ ಪ್ರಮಾದದ ವಿಚಾರ ಶಾಸನವಾದರೆ ಹೆಚ್ಚುಕಡಿಮೆ ಹೀಗೆಯೇ ಇರುತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮು ವಾಹನಗಳ ವಾಪಸಾತಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಆ ಆದೇಶಕ್ಕೆ ಒಂದು ದಾರಿ, ಇಂತಿಷ್ಟು ಪ್ರಮಾಣದ ಮಾಲೀಕರು ದೂರು ಕೊಟ್ಟಿರುವುದು. ಆಡಳಿತಕ್ಕೆ ಇಂಥ ಮಿತಿ ಬೇಕಾಗಬಹುದು. ತಯಾರಕರ ಅಂತಃಕರಣಕ್ಕೆ ಅದು ಮಿತಿಯಾಗಬಾರದು. ಬ್ರೇಕ್ ಹಿಡಿಯದ ಮೊದಲ ಸ್ಕೂಟರಿನ ದೂರೇ ಉಳಿದವರೆಲ್ಲರ ಪರವಾಗಿ ಬಂದ ದೂರು.

ದೋಷ ಖಚಿತವಾದ ಮೇಲೆ ಮಾಡಬೇಕಾದದ್ದು ಸ್ಪಷ್ಟ. ಬರಿ ಅನುಮಾನವಿದ್ದಾಗ? ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ನೂಡಲ್ಸ್ ಮಾರಾಟ ನಿಲ್ಲಿಸಿ ವಾಪಸ್ ತರಿಸಲು ಆದೇಶಿಸಿತು. ನಂಜನಗೂಡಿನ ಕಾರ್ಖಾನೆಯದೂ ಸೇರಿ ದೇಶದ ಮೂಲೆಮೂಲೆಯಿಂದ 27,000 ಟನ್ನಿಗೂ ಹೆಚ್ಚು ಸರಕು ವಾಪಸ್ ಬಂದು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟುಹೋಯಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮರುಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಇನ್ನೊಂದು ಪ್ರಕರಣ ಬಳ್ಳಾರಿಯದು. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ನರದ ಮೂಲಕ ಕೊಟ್ಟಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಅದಕ್ಕೂ ಮೊದಲೇ ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ರಾಜ್ಯದ ಪ್ರಯೋಗಾಲಯದಲ್ಲಿ ಅನುತ್ತೀರ್ಣವಾಗಿದ್ದವು, ಕೇಂದ್ರದ ಪ್ರಯೋಗಾಲಯದಲ್ಲಿ ಉತ್ತೀರ್ಣವಾಗಿದ್ದವು. ಒಂದೆಡೆ ಅನುಮಾನಕ್ಕೆ ಓಗೊಟ್ಟು ಸರಕು ಸುಟ್ಟಿತು; ಇನ್ನೊಂದೆಡೆ ಅನುಮಾನ ಬಂದಿದ್ದರೂ ಸರಕು ಉಳಿಯಿತು. ಎರಡರಲ್ಲೂ ನಷ್ಟವಿದೆ. ಮೊದಲನೆಯದು ಹಣದಿಂದ ತುಂಬಿಬರುವಂಥದ್ದು, ಎರಡನೆಯದು ಯಾವುದರಿಂದಲೂ ತುಂಬಿಬಾರದ್ದು.

ನ್ಯಾಯದರ್ಶನದವರು ಸಂಶಯವನ್ನು 16 ಪದಾರ್ಥಗಳಲ್ಲಿ ಒಂದಾಗಿ ಎಣಿಸಿದವರು. ಅದು ನಿರ್ಣಯಕ್ಕೆ ಒಯ್ಯುವ ಮೆಟ್ಟಿಲು ಎಂದು ಕಂಡವರು. ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಜೇನೂ ವಿಷವೂ ಬೆರೆತ ಅನ್ನದ ದೃಷ್ಟಾಂತ ಬರುತ್ತದೆ. ಎರಡನ್ನೂ ಬೇರ್ಪಡಿಸಲಾಗದೆ ಇರುವಾಗ ಜೇನಿನ ಆಸೆಗೆ ವಿಷವನ್ನು ಉಣ್ಣುವುದು ಸಲ್ಲ, ಇಡೀ ಅನ್ನವನ್ನೇ ಬಿಡಬೇಕು. ಭಾಷ್ಯಕಾರ ಹೇಳುತ್ತಿರುವುದು ದುಃಖದೊಡನೆ ಬೆರೆತ ಸುಖದ ವಿಚಾರವನ್ನು. ಆದರೂ ರಿಕಾಲಿನ ತರ್ಕ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಹೇಳಿಸಿಕೊಂಡಿಲ್ಲ. ಬ್ಯಾಚ್ ಗೊತ್ತಿಲ್ಲದ ವ್ಯಾಪಾರಿಯ ಪಾಲಿಗೆ ಇಡೀ ಗೋದಾಮು ಅಂಥ ಅನ್ನವೇ: ಎಲ್ಲವನ್ನೂ ಬಿಸಾಡಬೇಕು, ಇಲ್ಲವೇ ಎಲ್ಲವನ್ನೂ ಮಾರಿ ದೇವರ ಮೇಲೆ ಭಾರ ಹಾಕಬೇಕು. ಬ್ಯಾಚ್ ಗೊತ್ತಿದ್ದವರು ವಿಷವನ್ನು ಮಾತ್ರ ತೆಗೆದು ಜೇನನ್ನು ಉಳಿಸಿಕೊಳ್ಳಬಲ್ಲರು. ಅನುಮಾನ ಬಂದ ಕೂಡಲೇ ನಿಲ್ಲಿಸುವ ಧರ್ಮ ಆಗ ದುಬಾರಿಯಾಗುವುದಿಲ್ಲ. ಧರ್ಮವನ್ನು ಕೈಗೆಟುಕುವ ಬೆಲೆಗೆ ತಂದುಕೊಡುವ ಸಾಧನಕ್ಕೂ ಧರ್ಮದಲ್ಲಿ ಪಾಲುಂಟು ಎನ್ನಬೇಕು.

ಈ ಸಾಧನದ ಮಿತಿಯನ್ನು ಕಾಣಬೇಕಾದರೆ ಹಳ್ಳಿಯ ಡೇರಿಯ ಬಾಗಿಲಿಗೆ ಹೋಗಬೇಕು. ಬೆಳಗಿನ ಜಾವ ಸದಸ್ಯರು ಸಾಲಾಗಿ ನಿಂತಿರುತ್ತಾರೆ, ಹೆಚ್ಚಿನವರು ಹೆಂಗಸರು. ಒಬ್ಬೊಬ್ಬರ ಹಾಲೂ ತೂಕವಾಗುತ್ತದೆ, ಚಿಕ್ಕ ಸೀಸೆಯಷ್ಟು ಮಾದರಿ ಯಂತ್ರದೊಳಗೆ ಹೋಗುತ್ತದೆ, ಸದಸ್ಯೆಯ ಸಂಖ್ಯೆಯ ಮುಂದೆ ಕೊಬ್ಬಿನ ಅಂಶ, ಕೊಬ್ಬಲ್ಲದ ಘನಾಂಶ, ದರ, ಮೊತ್ತ ಮೂಡಿ ಚೀಟಿ ಹೊರಬರುತ್ತದೆ. ಅಲ್ಲಿಯವರೆಗೂ ಆ ಹಾಲಿಗೆ ಒಡತಿಯಿದ್ದಾಳೆ. ಜಾಲರಿಯ ಮೂಲಕ ಸುರಿದದ್ದೇ ತಡ, ಅದು ಊರಿನ ಹಾಲು. ಶೀತಲೀಕರಣ ಘಟಕದಲ್ಲಿ ಹಲವು ಊರುಗಳ ಹಾಲು, ಟ್ಯಾಂಕರಿನಲ್ಲಿ ಹೋಬಳಿಯ ಹಾಲು. ಟ್ಯಾಂಕರಿನ ಪರೀಕ್ಷೆಯಲ್ಲಿ ಆಂಟಿಬಯೋಟಿಕ್ ಶೇಷ ಕಂಡರೆ ಅದು ಯಾರ ಕೊಟ್ಟಿಗೆಯಿಂದ ಬಂತೆಂದು ಯಾವ ಕಂಪ್ಯೂಟರೂ ಹೇಳದು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ಔಷಧಿಗೆ ತಕ್ಕಷ್ಟು ದಿನ ಡೇರಿಗೆ ಹಾಕಬಾರದು. ಇಂಜೆಕ್ಷನ್ ಆಗಿದೆ ಎಂಬುದು ಗೊತ್ತಿರುವುದು ಹಸುವಿನ ಒಡತಿಗೆ, ಪಶುವೈದ್ಯರಿಗೆ. ಅವರು ಹೇಳದೆ ಇದ್ದರೆ ದಾಖಲೆ ಸುಳ್ಳನ್ನೇ ಅಚ್ಚುಕಟ್ಟಾಗಿ ಮುಂದಕ್ಕೆ ಸಾಗಿಸುತ್ತದೆ. ತಂತ್ರಾಂಶಕ್ಕೆ ನೆನಪಿದೆ, ಸತ್ಯ ಗೊತ್ತಿಲ್ಲ. ಸತ್ಯವನ್ನು ಮನುಷ್ಯರೇ ಒಳಗೆ ಹಾಕಬೇಕು.

ಮತ್ತೆ, ಆ ಸತ್ಯದ ಬೆಲೆ ಯಾರು ತೆರಬೇಕು? ಎರಡು ಹಸುಗಳ ಸಂಸಾರದಲ್ಲಿ ಐದಾರು ದಿನದ ಹಾಲು ಬಿಡುವುದೆಂದರೆ ಮನೆಯ ದಿನಸಿಗೆ ಕುತ್ತು. ಇಲ್ಲಿ ಸತ್ಯವ್ರತವನ್ನು ಬಡವರೊಬ್ಬರ ಹೆಗಲಿಗೇ ಹೊರಿಸಿ, ಅದರ ಲಾಭವನ್ನು ಸರಪಳಿಯ ಉಳಿದವರೆಲ್ಲ ಉಣ್ಣುವುದು ಅನ್ಯಾಯ. ಮೂಲ ಹುಡುಕುವ ತಂತ್ರಾಂಶ ಕೊನೆಗೆ ರೈತರ ಬಟವಾಡೆ ಕತ್ತರಿಸುವ ಕತ್ತಿ ಮಾತ್ರ ಆದರೆ, ರೈತರು ಮುಚ್ಚಿಡಲು ಕಲಿಯುತ್ತಾರೆ, ಹಾಗೆ ಕಲಿತದ್ದರಲ್ಲಿ ಅವರ ತಪ್ಪು ಅರ್ಧದಷ್ಟೇ. ಔಷಧಿಯ ದಿನಗಳ ಹಾಲನ್ನು ಮುಂಚಿತವಾಗಿ ತಿಳಿಸಿ ತಡೆಹಿಡಿದವರಿಗೆ ಸಂಘವೋ ಒಕ್ಕೂಟವೋ ಒಂದಿಷ್ಟು ಪರಿಹಾರ ಕೊಡುವುದು ಖರ್ಚಿನ ಬಾಬತ್ತಲ್ಲ, ಸುರಕ್ಷತೆಯ ಬಾಬತ್ತು. ಸಹಕಾರ ಸಂಘ ಹುಟ್ಟಿದ್ದೇ ಒಬ್ಬರ ಕಷ್ಟವನ್ನು ಹತ್ತು ಜನ ಹಂಚಿಕೊಳ್ಳಲೆಂದು.

ಕೊಟ್ಟದ್ದನ್ನು ಮರಳಿ ಕರೆಯುವುದು ಅತ್ಯಂತ ಕಷ್ಟವಾಗುವುದು ಪ್ರಸಾದದ ವಿಷಯದಲ್ಲಿ. ಬೆಂಗಳೂರಿನಿಂದ ತಿರುಪತಿಗೆ ಹೋಗುವ ಹೆದ್ದಾರಿ ಕೋಲಾರ, ಮುಳಬಾಗಿಲನ್ನು ದಾಟಿ ಹೋಗುತ್ತದೆ. ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿದು ಮುಂದೆ ಸಾಗುವ ಯಾತ್ರಿಕರಿಗೆ ತಿರುಪತಿಯ ಲಡ್ಡು ತಿನಿಸಲ್ಲ, ದೇವರ ಅನುಗ್ರಹ. 2024ರ ಸೆಪ್ಟೆಂಬರಿನಲ್ಲಿ ಆ ಲಡ್ಡುವಿಗೆ ಬಳಸಿದ ತುಪ್ಪದ ಶುದ್ಧತೆಯ ಮೇಲೆ ಆರೋಪ ಬಂದಾಗ, ತಿಂದು ಮುಗಿಸಿದ್ದನ್ನು ವಾಪಸ್ ಕರೆಯುವಂತಿರಲಿಲ್ಲ. ತಿರುಪತಿ ದೇವಸ್ಥಾನ ಸೆಪ್ಟೆಂಬರ್ 23ರಂದು ಶಾಂತಿಹೋಮ, ಪ್ರೋಕ್ಷಣೆ ನಡೆಸಿತು. ಸುಪ್ರೀಂ ಕೋರ್ಟ್ ಅಕ್ಟೋಬರಿನಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು. ದೇವಸ್ಥಾನಕ್ಕೆ ಒಂದಷ್ಟು ಕಾಲ ನಿಂತಿದ್ದ ನಂದಿನಿ ತುಪ್ಪದ ಪೂರೈಕೆ ಆ ವೇಳೆಗೆ ಮತ್ತೆ ಶುರುವಾಗಿತ್ತು. ಕರ್ನಾಟಕ ಹಾಲು ಮಹಾಮಂಡಳ ತುಪ್ಪದ ಟ್ಯಾಂಕರುಗಳಿಗೆ ಜಿಪಿಎಸ್, ಎಲೆಕ್ಟ್ರಾನಿಕ್ ಬೀಗ ಹಾಕಿಸಿ, ದಾರಿಯಲ್ಲಿ ಯಾರೂ ಮುಚ್ಚಳ ತೆರೆಯದಂತೆ ಏರ್ಪಾಡು ಮಾಡಿತು. ಹೋಮವೂ ಬೀಗವೂ ಒಂದೇ ಆತಂಕದ ಎರಡು ಉತ್ತರಗಳು. ಹೋಮ ಆಗಿಹೋದದ್ದಕ್ಕೆ, ಬೀಗ ಆಗಬಾರದ್ದಕ್ಕೆ. ಎರಡರಲ್ಲಿ ಒಂದು ಸಾಕೆನ್ನುವವರು ದೋಷದ ಅರ್ಧವನ್ನೇ ಕಂಡವರು.

ಪ್ರಾಯಶ್ಚಿತ್ತವೆಂದರೆ ಕರ್ಮಾಂಗ ಮಾತ್ರವೆಂಬ ತಿಳಿವಳಿಕೆ ಸರಿಯಲ್ಲ. ಮನುಸ್ಮೃತಿಯ 11ನೆಯ ಅಧ್ಯಾಯ ಪಾಪವನ್ನು ಕಳೆಯುವ ಉಪಾಯಗಳಲ್ಲಿ ಮೊದಲು ಹೇಳುವುದು ಅದನ್ನು ಬಹಿರಂಗವಾಗಿ ಹೇಳಿಕೊಳ್ಳುವುದನ್ನು, ನಂತರ ಪಶ್ಚಾತ್ತಾಪವನ್ನು. ತಪಸ್ಸು, ಅಧ್ಯಯನ ಆಮೇಲೆ. ಕದ್ದ ಚಿಕ್ಕ ವಸ್ತುವಿಗೂ ಅದನ್ನು ಒಡೆಯನಿಗೆ ಹಿಂತಿರುಗಿಸಿಯೇ ಕೃಚ್ಛ್ರವ್ರತ ಮಾಡಬೇಕೆಂದು ಅಲ್ಲಿಯೇ ಇದೆ. ಹೇಳಿಕೊಳ್ಳುವುದು, ಹಿಂತಿರುಗಿಸುವುದು, ಮತ್ತೆ ಮಾಡದಂತೆ ತಿದ್ದಿಕೊಳ್ಳುವುದು ಎಂಬ ಮೂರೂ ರಿಕಾಲಿನಲ್ಲಿ ಇವೆ: ಪತ್ರಿಕೆಯಲ್ಲಿ ಬ್ಯಾಚ್ ಸಂಖ್ಯೆ ಸಮೇತ ಪ್ರಕಟಣೆ, ಸರಕಿನ ವಾಪಸಾತಿ, ಕಾರ್ಖಾನೆಯಲ್ಲಿ ತಿದ್ದುಪಡಿ. ಇಸ್ಲಾಮಿನ ಹದೀಸ್‌ಗಳಲ್ಲೂ ಇದರ ಮೊದಲ ಪಾಠವಿದೆ. ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒದ್ದೆ ತಾಗಿದ್ದರಿಂದ, ಪ್ರವಾದಿ ಆ ವರ್ತಕನಿಗೆ ನೆನೆದದ್ದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಹೇಳಿದ ಪ್ರಸಂಗ ಪ್ರಸಿದ್ಧ. ಹೈದರ್ ವಲಿ ದರ್ಗಾ ಇರುವ ಮುಳಬಾಗಿಲಿನಲ್ಲಿ, ಮಂಡಿಗಳಲ್ಲಿ ಮುಸ್ಲಿಂ ವರ್ತಕರು ದೊಡ್ಡ ಸಂಖ್ಯೆಯಲ್ಲಿರುವ ಕೋಲಾರದಲ್ಲಿ ಈ ಪ್ರಸಂಗ ಗೊತ್ತಿರುವವರು ಬಹಳ ಜನ.

ಇಲ್ಲಿ ಪ್ರಮಾದಕ್ಕೂ ದ್ವೇಷಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಮುಂದಿನ ತಿಂಗಳೇ ಶ್ರೀನಿವಾಸಪುರದ ನೆರೆಯ ಚಿಂತಾಮಣಿಯಲ್ಲಿ ಗಂಗಮ್ಮನ ಗುಡಿಯ ಬಳಿ ಹಂಚಿದ ಪ್ರಸಾದದಿಂದ ಇಬ್ಬರು ಹೆಂಗಸರು ಪ್ರಾಣ ಬಿಟ್ಟರು. ಇವು ಪ್ರಮಾದದ ಪ್ರಕರಣಗಳೆಂದು ಯಾರೂ ಹೇಳಲಾರರು. ಪೊಲೀಸರು ದಾಖಲಿಸಿದ್ದು ವಿಷಪ್ರಾಶನವನ್ನು. ದ್ವೇಷದ ಎದುರು ಬ್ಯಾಚ್ ಸಂಖ್ಯೆ ಹೆಚ್ಚೇನೂ ಮಾಡದು. ಅಡುಗೆಮನೆಗೆ ಯಾರು ಬಂದರು, ಯಾವ ಪಾತ್ರೆ ಎಲ್ಲಿಗೆ ಹೋಯಿತು, ಯಾರು ಮೊದಲು ರುಚಿ ನೋಡಿದರು ಎಂಬ ದಾಖಲೆಯಿದ್ದರೆ ಎರಡನೆಯ ಪಂಕ್ತಿಗೆ ಬಡಿಸುವುದನ್ನಾದರೂ ನಿಲ್ಲಿಸಬಹುದು. ದೇವಸ್ಥಾನಗಳ ಅಡುಗೆಮನೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಭೋಗ್ ಹೆಸರಿನ ಪ್ರಮಾಣೀಕರಣ ಯೋಜನೆ ತಂದಿದೆ. ನೈವೇದ್ಯಕ್ಕೆ ಲೆಕ್ಕ ಇಡುವುದು ಅಪಚಾರವೆಂದು ಹಿಂಜರಿಯುವ ಕಾರಣವಿಲ್ಲ. ಮಡಿ, ಮುಸುರೆ, ಮೀಸಲು ಎಂದು ಪದಾರ್ಥದ ಜಾಡನ್ನು ಅಷ್ಟು ಕಟ್ಟುನಿಟ್ಟಾಗಿ ಕಾಯುವ ಸಂಪ್ರದಾಯಕ್ಕೆ ತುಪ್ಪದ ಡಬ್ಬದ ಮೇಲಿನ ದಿನಾಂಕ ಬರೆದಿಡುವುದು ಹೊರೆಯಲ್ಲ.

ವಾಪಸ್ ಕೊಡುವ ಧರ್ಮಕ್ಕೆ ಕನ್ನಡದಲ್ಲಿ ಅತ್ಯುತ್ತಮ ಉದಾಹರಣೆ ಆಯ್ದಕ್ಕಿ ಲಕ್ಕಮ್ಮನದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಅದನ್ನು ಇದ್ದಲ್ಲಿಗೇ ಹಾಕಿ ಬರಲು ಲಕ್ಕಮ್ಮ ಹೇಳಿದಳು. ಯಾರೂ ದೂರು ಕೊಟ್ಟಿರಲಿಲ್ಲ, ಯಾರಿಗೂ ಹಾನಿಯಾಗಿರಲಿಲ್ಲ. ಮನೆಗೆ ಬಂದದ್ದರ ಅಳತೆ ಅವಳಿಗೆ ನೆನಪಿತ್ತು, ನೆನಪಿದ್ದುದರಿಂದಲೇ ಹೆಚ್ಚಾದದ್ದು ಕಂಡಿತು. ಕಂಡ ಮೇಲೆ ಅದನ್ನು ಉಳಿಸಿಕೊಳ್ಳುವ ಪ್ರಶ್ನೆ ಬರಲಿಲ್ಲ. ಕಾಯಕದ ಶುದ್ಧಿ ಎಂದರೆ ಈ ಮೂರೂ ಒಟ್ಟಿಗೆ ಇರುವುದು. ಇಂದಿನ ಕಂಪನಿಗಳಲ್ಲಿ ನೆನಪಿಡುವ ಕೆಲಸ ತಂತ್ರಾಂಶಕ್ಕೆ, ಕಾಣುವ ಕೆಲಸ ಗುಣಮಟ್ಟ ವಿಭಾಗಕ್ಕೆ, ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನ ಆಡಳಿತ ಮಂಡಳಿಗೆ ಹಂಚಿಹೋಗಿದೆ. ಮೂರನೆಯವರು ಮೊದಲಿಬ್ಬರ ಮಾತಿಗೆ ಕಿವುಡಾದರೆ ಲಕ್ಷಾಂತರ ರೂಪಾಯಿಯ ತಂತ್ರಾಂಶವೂ ನಿಷ್ಪ್ರಯೋಜಕ. ಗುಣಮಟ್ಟ ವಿಭಾಗದ ಕಿರಿಯ ಉದ್ಯೋಗಿಯೂ ಮೇಲಿನವರ ಅಪ್ಪಣೆಗೆ ಕಾಯದೆ ಒಂದು ಬ್ಯಾಚನ್ನು ತಡೆಹಿಡಿಯಲು ಆಗುವಂತೆ, ತಡೆ ತೆಗೆಯುವವರ ಹೆಸರು ದಾಖಲಾಗುವಂತೆ ವ್ಯವಸ್ಥೆ ಮಾಡಿಟ್ಟ ಸಂಸ್ಥೆಯನ್ನು ಮಾತ್ರ ಈ ವಿಷಯದಲ್ಲಿ ನಂಬಬಹುದು.

ನಾಲ್ಕು ತಾಲ್ಲೂಕುಗಳಲ್ಲಿ ಈ ಧರ್ಮ ಒಂದೇ ಮಟ್ಟದಲ್ಲಿ ಪಾಲನೆಯಾಗುತ್ತಿಲ್ಲ. ನರಸಾಪುರದ ಸ್ಕೂಟರಿಗೆ ಚಾಸಿ ಸಂಖ್ಯೆ ಇದೆ, ಮಾಲೀಕರ ವಿಳಾಸ ಸಾರಿಗೆ ಇಲಾಖೆಯಲ್ಲಿದೆ. ದೋಷ ಕಂಡರೆ ಮನೆಬಾಗಿಲಿಗೆ ಸುದ್ದಿ ಮುಟ್ಟಿಸಬಹುದು. ನಂದಿನಿ ಪೊಟ್ಟಣದ ಮೇಲೆ ದಿನಾಂಕವಿದೆ. ಶ್ರೀನಿವಾಸಪುರದ ಮಾವು ಕೆಲವು ದೇಶಗಳಿಗೆ ರಫ್ತಾಗುವುದಾದರೆ ನೋಂದಾಯಿತ ತೋಟದಿಂದಲೇ ಬರಬೇಕು. ನಮ್ಮದೇ ಊರಿನ ಅಂಗಡಿಗೆ ಬರುವ ಮಾವಿಗೆ ಆ ಕಟ್ಟುಪಾಡಿಲ್ಲ, ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷಿದ್ಧವಾಗಿದ್ದರೂ ಎಲ್ಲಿ ಮಾಗಿಸಿದ್ದೆಂದು ಕೇಳಿ ತಿಳಿಯುವ ದಾರಿಯಿಲ್ಲ. ಹೊರದೇಶದವರ ಜೀವಕ್ಕೆ ಇರುವ ಲೆಕ್ಕ ನೆರೆಮನೆಯವರ ಜೀವಕ್ಕೆ ಇಲ್ಲದಿರುವುದಕ್ಕೆ ಯಾವ ಧರ್ಮಶಾಸ್ತ್ರದ ಆಧಾರವೂ ಸಿಗದು. ಟೊಮೆಟೊ ಎಲ್ಲಕ್ಕಿಂತ ಹಿಂದಿದೆ. ರಾಜ್ಯದ ಎಪಿಎಂಸಿಗಳಲ್ಲಿ 2014ರಿಂದ ಆನ್‌ಲೈನ್ ಹರಾಜಿನ ಏಕೀಕೃತ ವೇದಿಕೆ ಇದೆ, ಮಾರುಕಟ್ಟೆಯ ಗೇಟಿನಲ್ಲಿ ರೈತರ ಹುಟ್ಟುವಳಿಗೆ ಲಾಟ್ ಸಂಖ್ಯೆ ಕೊಡುವ ಕ್ರಮ ಅದರಲ್ಲಿದೆ. ಹರಾಜು ಮುಗಿದು ಮಂಡಿಯಲ್ಲಿ ಹಣ್ಣನ್ನು ಮತ್ತೆ ಗಾತ್ರ ಬಣ್ಣ ನೋಡಿ ವಿಂಗಡಿಸಿ ಬೇರೆ ಬಾಕ್ಸಿಗೆ ತುಂಬುವಾಗ ಆ ಸಂಖ್ಯೆ ಅಲ್ಲೇ ನಿಂತುಹೋಗುತ್ತದೆ. ದೂರದ ಊರಿನ ಪರೀಕ್ಷೆಯಲ್ಲಿ ಕೀಟನಾಶಕದ ಶೇಷ ಹೆಚ್ಚು ಕಂಡರೆ ಹೆಸರು ಕೆಡುವುದು ಇಡೀ ಕೋಲಾರದ್ದು, ಎಚ್ಚರದಿಂದ ಬೆಳೆದ ರೈತರದೂ ಸೇರಿ. ಹೊರಹೋಗುವ ಪ್ರತಿ ಬಾಕ್ಸಿನ ಮೇಲೆ, ಅದರಲ್ಲಿ ಬೆರೆತ ಲಾಟ್‌ಗಳ ಸಂಖ್ಯೆ ಇರುವ ಒಂದು ಚೀಟಿ ಅಂಟಿಸುವ ಕೆಲಸವನ್ನು ಮಾರುಕಟ್ಟೆ ಸಮಿತಿಯೂ ಮಂಡಿ ವರ್ತಕರೂ ಸೇರಿ ಬರುವ ಹಂಗಾಮಿನಿಂದಲೇ ಶುರುಮಾಡಬೇಕು.